ಬಟ್ಟೆ ಹೊದ್ದ ಕಾರಿನ ಕಥೆ



ಎಂ.ಜಿ. ಅಂದ ಕೂಡಲೇ ನಿಮಗೇನು ನೆನಪಾಗುತ್ತದೆ? ಬೆಂಗಳೂರಿನವರಾದರೆ ಎಂ.ಜಿ. ರಸ್ತೆ, ಅಲ್ಲವೇ? ಇಂಗ್ಲೆಂಡಿನ ಹಿರಿಯರಿಗೆ ಮಾತ್ರ ನೆನಪಾಗುವುದು ಎರಡೇ ಸೀಟಿನ, ಮಡಚಿಡುವ ಬಟ್ಟೆ ಹುಡ್‌ನ ಒಂದು ಪುಟ್ಟ ಸ್ಪೋರ್ಟ್ಸ್ ಕಾರು.

"ಅಯ್ಯೋ, ಕಾರಿನ ವಿಷಯ ನಮಗ್ಯಾಕೆ!" ಅಂತ ಪುಟ ತಿರುಗಿಸಬೇಡಿ. ಈ ಕಥೆಯಲ್ಲಿ ಹೆಂಗಸರೂ ಇದ್ದಾರೆ.

ಆಕ್ಸ್‌ಫರ್ಡ್‌ನಲ್ಲಿ ಮಾರಿಸ್ ಗ್ಯಾರೇಜಸ್ ಎಂಬ ಕಾರು ಮಾರುವ ಮಳಿಗೆ ಇತ್ತು. ಎಂ.ಜಿ. ಅಂದರೆ ಅದೇ. ಅದರ ಮ್ಯಾನೇಜರ್ ಸೆಸಿಲ್ ಕಿಂಬರ್. ಸಾದಾ ಮಾರಿಸ್ ಕಾರಿನ ಮೇಲೆ ಚೆಂದದ ಹೊಸ ಮೈ ಕೂರಿಸಿ ಮಾರುವುದು ಆತ ಕಂಡುಕೊಂಡ ಉಪಾಯ. ಹಳೇ ಸೀರೆಗೆ ಹೊಸ ಅಂಚು ಹಚ್ಚಿದ ಹಾಗೆ ಅನ್ನಿ! 1928ರಲ್ಲಿ ಲಂಡನ್ನಿನ ಪ್ರದರ್ಶನಕ್ಕೆ ಬಂದ 'ಮಿಜೆಟ್' ಕಾರಿನ ಮೈ ಪ್ಲೈವುಡ್ಡಿನದು, ಅದರ ಮೇಲೆ ಹೊದಿಸಿದ್ದು ಬಟ್ಟೆ. ಬೆಲೆ 175 ಪೌಂಡು. ಸಿರಿವಂತರ ಆಟಿಕೆಯಾಗಿದ್ದ ಸ್ಪೋರ್ಟ್ಸ್ ಕಾರು ಸಂಬಳದವರ ಕೈಗೂ ಎಟುಕುವಂತಾಯಿತು.

ಇನ್ನು ಹೆಂಗಸರ ಮಾತು. 1935ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ನಡೆದ 24 ಗಂಟೆಗಳ ರೇಸಿಗೆ ಮೂರು ಎಂ.ಜಿ. ಕಾರುಗಳನ್ನು ಇಳಿಸಿದರು. ಓಡಿಸಿದವರು ಆರು ಜನ ಮಹಿಳೆಯರು! 'ಕುಣಿಯುವ ಹೆಣ್ಣುಮಕ್ಕಳು' ಅಂತ ಅವರಿಗೆ ಅಡ್ಡಹೆಸರೂ ಬಿತ್ತು. ಎಷ್ಟೋ ಕಾರುಗಳು ನಡುದಾರಿಯಲ್ಲೇ ನಿಂತು ಹೋದ ಆ ರೇಸಿನಲ್ಲಿ ಇವರ ಮೂರೂ ಕಾರುಗಳು ಗುರಿ ಮುಟ್ಟಿದವು. ಅವರಲ್ಲೊಬ್ಬರಾದ ಮಾರ್ಗರೆಟ್ ಅಲನ್ ಮುಂದೆ 'ವೋಗ್' ಮಹಿಳಾ ಪತ್ರಿಕೆಗೆ ಕಾರುಗಳ ಬಗ್ಗೆಯೇ ಬರೆಯುತ್ತಿದ್ದರು. ಹಾಗಾಗಿ ಈ ಪುಟದಲ್ಲಿ ಕಾರಿನ ಸುದ್ದಿ ಬಂದರೆ ತಪ್ಪೇನೂ ಇಲ್ಲ ಬಿಡಿ.

ಎಲ್ಲಕ್ಕಿಂತ ಹೆಸರು ಮಾಡಿದ್ದು 1962ರಲ್ಲಿ ಬಂದ ಎಂ.ಜಿ.ಬಿ. ಇಂಜಿನ್ 1798 ಸಿ.ಸಿ., ನಾಲ್ಕು ಸಿಲಿಂಡರಿನದು. ಇಂಗ್ಲೆಂಡಿನ ಚಳಿಯಲ್ಲೂ ಹೀಟರ್ ಬೇಕೆಂದರೆ ಬೇರೆ ದುಡ್ಡು ಕೊಡಬೇಕಿತ್ತು! ಆದರೂ 18 ವರ್ಷಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು. ಹೆಚ್ಚಿನವು ಅಮೆರಿಕಕ್ಕೇ ಹೋದವು.

ಆ ಅಮೆರಿಕವೇ ಕಾರಿನ ರೂಪವನ್ನೂ ಬದಲಿಸಿತು. ಅಲ್ಲಿನ ಸುರಕ್ಷತಾ ಕಾನೂನಿಗೆ ತಕ್ಕಂತೆ 1974ರ ಕೊನೆಯಲ್ಲಿ ಹೊಳೆಯುವ ಕ್ರೋಮ್ ಬಂಪರ್ ಹೋಗಿ ದಪ್ಪನೆಯ ಕಪ್ಪು ಬಂಪರ್ ಬಂತು. ಕಾರನ್ನು ನೆಲದಿಂದ ಸ್ವಲ್ಪ ಎತ್ತರಿಸಿದರು. ತೂಕ ಹೆಚ್ಚಿತು, ತಿರುವಿನಲ್ಲಿ ಮೊದಲಿನ ಹಿಡಿತ ಉಳಿಯಲಿಲ್ಲ.

1979ರ ಸೆಪ್ಟೆಂಬರ್‌ನಲ್ಲಿ ಆಬಿಂಗ್ಡನ್ ಊರು ತನ್ನ ಎಂ.ಜಿ. ಕಾರ್ಖಾನೆಯ ಐವತ್ತರ ಹಬ್ಬ ಆಚರಿಸಿತು. ಹಬ್ಬ ಮುಗಿಯುತ್ತಲೇ, 10ನೇ ತಾರೀಖು ಸೋಮವಾರ, ಕಾರ್ಖಾನೆ ಮುಚ್ಚುವ ಸುದ್ದಿ ಬಂತು. ಮದುವೆ ಚಪ್ಪರ ಬಿಚ್ಚುವ ಮೊದಲೇ ಸೂತಕ ಬಂದಂತೆ! 1980ರ ಅಕ್ಟೋಬರ್‌ನಲ್ಲಿ ಕೊನೆಯ ಎಂ.ಜಿ.ಬಿ. ಹೊರಬಂತು. ತಲೆಮಾರುಗಳಿಂದ ದುಡಿದ ಮನೆಗಳ ಸಂಬಳ ನಿಂತಿತು. ಇವತ್ತು ನಮ್ಮ ರಸ್ತೆಗಳಲ್ಲಿ ಕಾಣುವ ಎಂ.ಜಿ. ಕಾರುಗಳು ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುವಂಥವು. ಹೆಸರು ಮಾತ್ರ ಹಳೆಯದು.

ಹಾಗಾದರೆ ಆ ಹಳೆಯ ಕಾರುಗಳು ಇನ್ನೂ ಹೇಗೆ ಓಡುತ್ತಿವೆ ಅಂತೀರಾ? ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಸ್ಪ್ಯಾನರ್ ಹಿಡಿಯಲು ಬಂದವರು ಮನೆಯಲ್ಲೇ ಎಷ್ಟೋ ರಿಪೇರಿ ಮಾಡಿಕೊಳ್ಳಬಹುದು. ತುಕ್ಕೇ ಅದರ ದೊಡ್ಡ ಶತ್ರು. ಅದಕ್ಕೂ 1988ರಲ್ಲಿ ಮದ್ದು ಸಿಕ್ಕಿತು. ಹಳೆಯ ಅಚ್ಚುಗಳನ್ನೇ ಹುಡುಕಿ ತೆಗೆದು, ಕಾರಿನ ಇಡೀ ಮೈಯನ್ನು ಹೊಸದಾಗಿ ಮಾಡಿ ಮಾರತೊಡಗಿದರು.

ಅಂದ ಎಲ್ಲರನ್ನೂ ಸೆಳೆಯುತ್ತದೆ, ನಿಜ. ಆದರೆ ಈ ಕಾರನ್ನು ಬಾಳಿಸಿದ್ದು ರಿಪೇರಿಗೆ ಬಗ್ಗುವ ಅದರ ಗುಣ. ಮುಂದಿನ ಸಲ ಮಿಕ್ಸಿಯನ್ನೋ ಹೊಲಿಗೆ ಯಂತ್ರವನ್ನೋ ಕೊಳ್ಳಲು ಹೋದಾಗ ಬಣ್ಣ ನೋಡುವ ಮೊದಲು, "ಕೆಟ್ಟರೆ ಬಿಚ್ಚಿ ಸರಿಮಾಡಬಹುದೇನಪ್ಪಾ? ಬಿಡಿಭಾಗ ಸಿಗುತ್ತದೆಯೇ?" ಅಂತ ಅಂಗಡಿಯವರನ್ನು ಒಂದು ಮಾತು ಕೇಳಿಬಿಡಿ.