ಮನವಿ ಪತ್ರ: ಆನ್‌ಲೈನ್ ಮಾನವ ಕಳ್ಳಸಾಗಣೆಯಲ್ಲಿ ಕ್ರಿಪ್ಟೊ ಹಣದ ಬಳಕೆ ಕುರಿತು ಅಧ್ಯಯನ ಕಾಯ್ದೆ ಕೋರಿ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ,
ಸಂಸತ್ ಭವನ, ನವದೆಹಲಿ.

ಇವರಿಂದ,
ಮಾನವ ಕಳ್ಳಸಾಗಣೆಯ ಸಂತ್ರಸ್ತರ ಪರವಾಗಿ ದುಡಿಯುತ್ತಿರುವ ಕರ್ನಾಟಕದ ವಕೀಲರು ಮತ್ತು ಸಾಮಾಜಿಕ ಕಾರ್ಯಕರ್ತರು, ಬೆಂಗಳೂರು.

ಮಾನ್ಯರೇ,

ಸಂವಿಧಾನದ 23ನೇ ವಿಧಿ ಮಾನವ ಕಳ್ಳಸಾಗಣೆಯನ್ನು ನಿಷೇಧಿಸಿದೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಅದಕ್ಕೆ ಕಠಿಣ ಶಿಕ್ಷೆ ವಿಧಿಸಿದೆ. ಆದರೆ ಈ ದಂಧೆಯ ಹಣ ಈಗ ಬ್ಯಾಂಕಿನ ದಾರಿ ಬಿಟ್ಟು ಕ್ರಿಪ್ಟೊ ವ್ಯಾಲೆಟ್‌ಗಳ ದಾರಿ ಹಿಡಿಯುತ್ತಿದೆ. ಅದು ಎಷ್ಟು, ಯಾರಿಂದ, ಯಾರಿಗೆ ಎಂಬ ಲೆಕ್ಕ ಸರ್ಕಾರದ ಬಳಿ ಇರಲೇಬೇಕು ಎಂಬುದೇ ನಮ್ಮ ಮನವಿಯ ಸಾರ.

ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿಸಿ ಯುವಕರನ್ನು ಮ್ಯಾನ್ಮಾರ್‌ನ ಮ್ಯಾವಡ್ಡಿಗೆ ಸಾಗಿಸಿ, ಬೆದರಿಸಿ ಸೈಬರ್ ವಂಚನೆ ಮಾಡಿಸುವ ಜಾಲ ತಮಗೆ ತಿಳಿದೇ ಇದೆ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಸಿಲುಕಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರಲ್ಲಿ ಅಂದಾಜಿಸಿತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ 549 ಭಾರತೀಯರನ್ನು ಮರಳಿ ಕರೆತರಲಾಯಿತು. ಈ ಜಾಲಗಳ ಅಕ್ರಮ ಹಣ ಯುಎಸ್‌ಡಿಟಿ ಎಂಬ ಕ್ರಿಪ್ಟೊ ನಾಣ್ಯದ ಮೂಲಕ ಹರಿಯುತ್ತಿರುವುದನ್ನು ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ 2024ರ ಆರಂಭದಲ್ಲಿ ವರದಿ ಮಾಡಿದೆ.

ನಮ್ಮಲ್ಲಿ ನಿಯಮಗಳೇ ಇಲ್ಲವೆಂದಲ್ಲ. 2022ರ ಹಣಕಾಸು ಕಾಯ್ದೆ ಕ್ರಿಪ್ಟೊ ಗಳಿಕೆಗೆ ಶೇ 30ರ ತೆರಿಗೆ ಹಾಕಿತು. 2023ರ ಮಾರ್ಚ್ 7ರ ಅಧಿಸೂಚನೆಯಿಂದ ಕ್ರಿಪ್ಟೊ ವಿನಿಮಯ ಕೇಂದ್ರಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದವು. ಅನುಮಾನಾಸ್ಪದ ವಹಿವಾಟುಗಳನ್ನು ಅವು ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಮಾಡಬೇಕು. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಯಲ್ಲಿ ಕಳ್ಳಸಾಗಣೆಯ ಉದ್ದೇಶವಾರು ಪಟ್ಟಿ ಇದೆ, ಹಣ ಪಾವತಿಯ ವಿಧಾನವಾರು ಪಟ್ಟಿ ಇಲ್ಲ. ಸಂತ್ರಸ್ತರ ಹೇಳಿಕೆ ಪಡೆಯುವುದು ಮಾನವ ಕಳ್ಳಸಾಗಣೆ ತಡೆ ಘಟಕ, ವ್ಯಾಲೆಟ್ ಪತ್ತೆ ಮಾಡಬೇಕಾದದ್ದು ಸೈಬರ್ ಅಪರಾಧ ಪೊಲೀಸ್ ಠಾಣೆ, ವಹಿವಾಟಿನ ವರದಿ ತಲುಪುವುದು ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ. ಈ ಮೂರನ್ನೂ ಒಟ್ಟಿಗೆ ನೋಡುವ ಹೊಣೆ ಒಬ್ಬರಿಗೆ ಸಿಗಬೇಕು.

ಅಮೆರಿಕದ ಅನುಭವ ಇಲ್ಲಿ ಉಪಯುಕ್ತ. ಅಲ್ಲಿನ ಜನಪ್ರತಿನಿಧಿ ಸಭೆ 2018ರಲ್ಲಿ ಇಂಥದೇ ಅಧ್ಯಯನ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮುಂದೆ ಬೇರೊಂದು ಕಾಯ್ದೆಯ ಮೂಲಕ, ಮಾನವ ಕಳ್ಳಸಾಗಣೆ ಮತ್ತು ಮಾದಕವಸ್ತು ಸಾಗಣೆ ಎರಡನ್ನೂ ಒಳಗೊಂಡ ಅಧ್ಯಯನದ ಹೊಣೆ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಗೆ ಬಂತು. ಮಾದಕವಸ್ತು ಸಾಗಣೆ ಮತ್ತು ಕ್ರಿಪ್ಟೊ ಎರಡೂ ಸೇರಿದ ಅನುಮಾನಾಸ್ಪದ ವಹಿವಾಟಿನ ವರದಿಗಳು 2017ರಿಂದ 2020ರೊಳಗೆ ಐದು ಪಟ್ಟಿಗಿಂತಲೂ ಹೆಚ್ಚಾದದ್ದು ಆ ಅಧ್ಯಯನದಿಂದ ಬೆಳಕಿಗೆ ಬಂತು. ಕ್ರಿಪ್ಟೊ ಎಟಿಎಂಗಳು ಎಲ್ಲೆಲ್ಲಿವೆ ಎಂದು ತಿಳಿಸುವ ಕಡ್ಡಾಯ ನಿಯಮವೇ ಇಲ್ಲವೆಂಬ ಲೋಪವೂ ಹೊರಬಿತ್ತು. ಕ್ರಿಪ್ಟೊ ಜಾಡು ಹಿಡಿಯುವುದು ಅಸಾಧ್ಯವೂ ಅಲ್ಲ. ದಕ್ಷಿಣ ಕೊರಿಯಾದಿಂದ ನಡೆಯುತ್ತಿದ್ದ ಮಕ್ಕಳ ಲೈಂಗಿಕ ಶೋಷಣೆಯ ಜಾಲತಾಣವೊಂದರ ಬಿಟ್‌ಕಾಯಿನ್ ಪಾವತಿಗಳನ್ನು ಬೆನ್ನಟ್ಟಿದ ಪೊಲೀಸರು 337 ಜನರನ್ನು ಬಂಧಿಸಿ, ಕನಿಷ್ಠ 23 ಮಕ್ಕಳನ್ನು ರಕ್ಷಿಸಿದ ವಿವರ 2019ರಲ್ಲಿ ಪ್ರಕಟವಾಯಿತು.

ಆದ್ದರಿಂದ ನಮ್ಮ ಬೇಡಿಕೆಗಳು:

1. ಮಾನವ ಕಳ್ಳಸಾಗಣೆಯಲ್ಲಿ ಕ್ರಿಪ್ಟೊ ಬಳಕೆಯ ಅಧ್ಯಯನವನ್ನು ಕಡ್ಡಾಯಗೊಳಿಸುವ ಕಾಯ್ದೆ ತರುವಂತೆ ಸಮಿತಿ ಕೇಂದ್ರ ಸರ್ಕಾರಕ್ಕೆ ಶಿಫಾರಸು ಮಾಡಬೇಕು.

2. ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ, ಹಣಕಾಸು ಗುಪ್ತಚರ ಘಟಕ, ಜಾರಿ ನಿರ್ದೇಶನಾಲಯ ಹಾಗೂ ರಾಜ್ಯ ಪೊಲೀಸರು ಸೇರಿ ಒಂದು ವರ್ಷದೊಳಗೆ ಅಧ್ಯಯನ ಮುಗಿಸಬೇಕು. ವರದಿಯನ್ನು ಸಂಸತ್ತಿನಲ್ಲಿ ಮಂಡಿಸಿ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಪ್ರಕಟಿಸಬೇಕು.

3. ಕಳ್ಳಸಾಗಣೆ ಪ್ರಕರಣಗಳಲ್ಲಿ ಹಣ ಪಾವತಿಯ ವಿಧಾನವನ್ನೂ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ದಾಖಲಿಸಬೇಕು.

4. ಪ್ರತಿ ಜಿಲ್ಲೆಯ ತನಿಖಾಧಿಕಾರಿಗಳಿಗೆ ಕ್ರಿಪ್ಟೊ ಜಾಡು ಹಿಡಿಯುವ ಮತ್ತು ಜಪ್ತಿ ಮಾಡುವ ತರಬೇತಿ ಕೊಡಬೇಕು.

5. ಜಪ್ತಿಯಾದ ಕ್ರಿಪ್ಟೊ ಹಣವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 107ನೇ ಕಲಂ ಅನ್ವಯ ಸಂತ್ರಸ್ತರಿಗೆ ತಲುಪಿಸುವ ಸ್ಪಷ್ಟ ಕ್ರಮ ರೂಪಿಸಬೇಕು.

6. ಅಧ್ಯಯನದಲ್ಲಿ ಸಂತ್ರಸ್ತರ ಅಭಿಪ್ರಾಯ ಕೇಳಬೇಕು. ಅವರ ಗುರುತು ಯಾವ ಹಂತದಲ್ಲೂ ಹೊರಬೀಳಬಾರದು.

ಕ್ರಿಪ್ಟೊ ವ್ಯವಹಾರವನ್ನೇ ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ. ಮನುಷ್ಯರ ಮಾರಾಟದಿಂದ ಬಂದ ಹಣ ಅದರಲ್ಲಿ ಅಡಗಿ ಕೂರಬಾರದು ಎಂಬುದಷ್ಟೇ ನಮ್ಮ ಒತ್ತಾಯ. ಸಮಿತಿಯು ಈ ವಿಷಯವನ್ನು ಮುಂದಿನ ಅಧಿವೇಶನದೊಳಗೆ ಪರಿಶೀಲನೆಗೆ ಎತ್ತಿಕೊಂಡು, ನಮಗೂ ಖುದ್ದಾಗಿ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿದಾರರು)