ಎಂಟು ಅಂಗುಲದ ತೂತಿಗೆ ಎಂಥ ಸೋನಾರ್ ಬೇಕು?

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 10 ಎಕರೆಗಿಂತ ದೊಡ್ಡ ಸರೋವರಗಳನ್ನಷ್ಟೇ ಎಣಿಸಿದರೂ ಲೆಕ್ಕ 11,842 ಆಗುತ್ತದೆ. ಚಳಿಗಾಲದಲ್ಲಿ ಇವುಗಳ ಮೈಮೇಲೆ ಮಂಜುಗಡ್ಡೆ ಕಟ್ಟಿ, ಮಿಲ್ ಲ್ಯಾಕ್ಸ್‌ನಂಥ ದೊಡ್ಡ ಸರೋವರದ ನಡುವೆ ಗುಡಾರಗಳ, ಮರದ ಪುಟ್ಟ ಮನೆಗಳ ಊರೇ ಏಳುತ್ತದೆ. ಬೈರಿಗೆಯಿಂದ ಮಂಜುಗಡ್ಡೆಗೆ ತೂತು ಕೊರೆದು ಗಾಳ ಇಳಿಬಿಟ್ಟು ಕೂರುವುದು ಅಲ್ಲಿನವರಿಗೆ ಹಬ್ಬದಷ್ಟೇ ಪ್ರೀತಿಯ ಸಂಗತಿ. ಮಿನ್ಯಾಪೊಲಿಸ್ ಸುತ್ತಮುತ್ತ ಕೆಲಸ ಹಿಡಿದು ನೆಲೆಸಿದ ಕನ್ನಡಿಗರಲ್ಲೂ ಸಹೋದ್ಯೋಗಿಗಳ ಜೊತೆ ಹೊರಟು ಈ ರುಚಿ ಹತ್ತಿಸಿಕೊಂಡವರಿದ್ದಾರೆ. ಗಾಳ, ದಾರ, ಬೈರಿಗೆ ಕೊಳ್ಳುವವರೆಗೆ ಯಾರಿಗೂ ತೊಡಕಿಲ್ಲ. ಮೀನು ತೋರಿಸುವ ಸೋನಾರ್ ಯಂತ್ರ ಕೊಳ್ಳುವಾಗ ಮಾತ್ರ ಹೆಚ್ಚಿನವರು ತಬ್ಬಿಬ್ಬಾಗುತ್ತಾರೆ. ಪರದೆ ದೊಡ್ಡದಿದ್ದಷ್ಟೂ ಮೀನು ಹೆಚ್ಚು ಸಿಗುತ್ತದೆ ಎಂದುಕೊಂಡು ಬೇಡದ್ದಕ್ಕೆ ದುಡ್ಡು ಸುರಿಯುತ್ತಾರೆ.

ದೋಣಿಯಲ್ಲಿ ಸೋನಾರ್ ಮಾಡುವ ಕೆಲಸ ಬೇರೆ, ಮಂಜುಗಡ್ಡೆಯ ಮೇಲೆ ಮಾಡುವ ಕೆಲಸ ಬೇರೆ. ದೋಣಿ ಸಾಗುತ್ತಿರುತ್ತದೆ, ಕೆಳಗೆ ಹಾದುಹೋದ ತಳ, ಕಲ್ಲು, ಮೀನುಗಳ ಚಿತ್ರ ಪರದೆಯ ಮೇಲೆ ಬಲದಿಂದ ಎಡಕ್ಕೆ ಸರಿಯುತ್ತದೆ. ಮಂಜುಗಡ್ಡೆಯ ಮೇಲೆ ನೀವು ಎಂಟು ಅಂಗುಲ ಅಗಲದ ಒಂದು ತೂತಿನ ಪಕ್ಕ ಕೂತಿರುತ್ತೀರಿ. ನಿಮಗೆ ಬೇಕಾದ ಉತ್ತರ ಒಂದೇ: ಈ ಕ್ಷಣ, ಈ ತೂತಿನ ಕೆಳಗೆ ಮೀನಿದೆಯೇ, ಇದ್ದರೆ ಎಷ್ಟು ಆಳದಲ್ಲಿದೆ, ನನ್ನ ಗಾಳ ಕಂಡು ಹತ್ತಿರ ಬರುತ್ತಿದೆಯೋ ದೂರ ಸರಿಯುತ್ತಿದೆಯೋ? ಈ ಉತ್ತರವನ್ನು ತಡವಿಲ್ಲದೆ, ಸ್ಪಷ್ಟವಾಗಿ ಕೊಡುವ ಯಂತ್ರವೇ ಒಳ್ಳೆಯ ಯಂತ್ರ. ಉಳಿದದ್ದೆಲ್ಲ ಆಮೇಲಿನ ಮಾತು.

ಯಂತ್ರ ಕೆಲಸ ಮಾಡುವ ಬಗೆ ತಿಳಿದರೆ ಆಯ್ಕೆ ಅರ್ಧ ಮುಗಿದಂತೆ. ನೀರಿಗೆ ಇಳಿಬಿಡುವ ಟ್ರಾನ್ಸ್‌ಡ್ಯೂಸರ್ ಎಂಬ ಭಾಗದಲ್ಲಿ ಒಂದು ಪಿಂಗಾಣಿ ಬಿಲ್ಲೆ ಇರುತ್ತದೆ. ವಿದ್ಯುತ್ ಕೊಟ್ಟಾಗ ಅದು ನಡುಗಿ ಶಬ್ದ ಹೊರಡಿಸುತ್ತದೆ. ಮರಳಿ ಬಂದ ಶಬ್ದ ತಾಗಿದಾಗ ಮತ್ತೆ ನಡುಗಿ ವಿದ್ಯುತ್ ಹುಟ್ಟಿಸುತ್ತದೆ. ಇದೇ ಗುಣದ ಸ್ಫಟಿಕ ಬಳಸಿ ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಪಾಲ್ ಲಾಂಜೆವಿನ್ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಪ್ರಯೋಗ ನಡೆಸಿದರು. 1959ರಲ್ಲಿ ಕಾರ್ಲ್ ಲೋರನ್ಸ್ ತಮ್ಮ ಮಕ್ಕಳ ಜೊತೆ ಸೇರಿ ಹಸಿರು ಪೆಟ್ಟಿಗೆಯ ಯಂತ್ರವೊಂದನ್ನು ಮಾರುಕಟ್ಟೆಗೆ ತಂದ ಮೇಲೆ ಈ ವಿದ್ಯೆ ಸಾಮಾನ್ಯ ಗಾಳದವನ ಕೈಗೂ ಬಂತು. ಹೆಪ್ಪುಗಟ್ಟಿದ ಸರೋವರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,400 ಮೀಟರ್ ಓಡುತ್ತದೆ. 30 ಅಡಿ ಆಳದ ತಳ ಮುಟ್ಟಿ ಮರಳಲು ಅದಕ್ಕೆ ಬೇಕಾಗುವುದು ಸೆಕೆಂಡಿನ ಸಾವಿರದಲ್ಲಿ 13 ಪಾಲು ಮಾತ್ರ. ಮೀನಿನ ಮಾಂಸ ಹೆಚ್ಚುಕಡಿಮೆ ನೀರಿನ ಹಾಗೆಯೇ ಶಬ್ದವನ್ನು ಹಾದುಹೋಗಲು ಬಿಡುತ್ತದೆ. ಮಾರ್ದನಿ ಬಹುಪಾಲು ಬರುವುದು ಅದರ ಹೊಟ್ಟೆಯೊಳಗಿನ ಗಾಳಿಚೀಲದಿಂದ. ಈ ಚೀಲದ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಶಬ್ದ ಕೆಳಗಿಳಿಯುತ್ತ ಹರಡಿಕೊಳ್ಳುತ್ತದೆ, ಕೈಟಾರ್ಚಿನ ಬೆಳಕು ನೆಲಕ್ಕೆ ಬಿದ್ದಂತೆ. ಎಷ್ಟು ಹರಡುತ್ತದೆ ಎಂಬುದನ್ನು ಕೋನದ ಡಿಗ್ರಿಯಲ್ಲಿ ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ನನ್ನ ಪ್ರಕಾರ ಕೊಳ್ಳುವವರು ಮೊದಲು ನೋಡಬೇಕಾದ ಅಂಕಿ ಇದು. 20 ಡಿಗ್ರಿಯ ಟ್ರಾನ್ಸ್‌ಡ್ಯೂಸರ್ 30 ಅಡಿ ಆಳದಲ್ಲಿ ಹತ್ತೂವರೆ ಅಡಿ ಅಗಲದ ವೃತ್ತವನ್ನು ನೋಡುತ್ತದೆ. 9 ಡಿಗ್ರಿಯದ್ದು ಐದಡಿಗೂ ಕಡಿಮೆ. ಅಗಲ ಹೆಚ್ಚಿದ್ದರೆ ಮೀನು ಹೆಚ್ಚು ಕಾಣುತ್ತದಲ್ಲ, ಅದೇ ಒಳ್ಳೆಯದಲ್ಲವೇ ಎಂದು ಕೇಳಬಹುದು. ಒಂದು ತೊಂದರೆಯಿದೆ. ಯಂತ್ರಕ್ಕೆ ದೂರ ಮಾತ್ರ ಗೊತ್ತು, ದಿಕ್ಕು ಗೊತ್ತಿಲ್ಲ. ನೇರ ಕೆಳಗಿನ ತಳದ ಮಾರ್ದನಿ ಮೊದಲು ಬರುತ್ತದೆ. ವೃತ್ತದ ಅಂಚು ಇನ್ನೂ ದೂರವಿರುವುದರಿಂದ ಅಲ್ಲಿ ತಳಕ್ಕೆ ಅಂಟಿಕೊಂಡಂತಿರುವ ಮೀನಿನ ಮಾರ್ದನಿ ತಳದ ಮಾರ್ದನಿಯಲ್ಲೇ ಮುಳುಗಿಹೋಗುತ್ತದೆ. 30 ಅಡಿಯಲ್ಲಿ, ಸಮತಟ್ಟಾದ ತಳದ ಮೇಲೆ, 20 ಡಿಗ್ರಿಯ ಅಂಚಿನಲ್ಲಿ ಹೀಗೆ ಮರೆಯಾಗುವ ಪದರ ಐದೂವರೆ ಅಂಗುಲ. 9 ಡಿಗ್ರಿಯಲ್ಲಿ ಒಂದೇ ಅಂಗುಲದಷ್ಟು. ತಳ ಇಳಿಜಾರಾಗಿದ್ದರಂತೂ ಈ ಕುರುಡು ಪದರ ಇನ್ನೂ ದಪ್ಪವಾಗುತ್ತದೆ. ಚಳಿಗಾಲದಲ್ಲಿ ವಾಲೈ, ಪರ್ಚ್ ಮೀನುಗಳು ಹೆಚ್ಚಾಗಿ ತಳಕ್ಕೆ ಹತ್ತಿರವಾಗಿಯೇ ತಿರುಗುತ್ತವೆ. ಆಳದ ನೀರಿಗೆ ಕಿರಿದಾದ ಕೋನ, 10–12 ಅಡಿಯ ಆಳವಿಲ್ಲದ ಕಡೆಗೆ ಅಗಲವಾದದ್ದು ಎನ್ನುವುದು ಇದೇ ಕಾರಣಕ್ಕೆ. ಕೆಲವು ಯಂತ್ರಗಳಲ್ಲಿ ಎರಡೂ ಕೋನಗಳಿದ್ದು, ಗುಂಡಿ ಒತ್ತಿ ಬದಲಿಸಬಹುದು. ಕೈಗೆಟಕುವುದಾದರೆ ಅದನ್ನೇ ಕೊಳ್ಳಿ.

ಎರಡನೆಯದು, ಒಂದರ ಹತ್ತಿರ ಇನ್ನೊಂದಿರುವ ಎರಡು ವಸ್ತುಗಳನ್ನು ಬೇರೆಬೇರೆಯಾಗಿ ತೋರಿಸುವ ಶಕ್ತಿ. ಶಬ್ದದ ಮಿಡಿತ ಎಷ್ಟು ಚಿಕ್ಕದೋ ಈ ಶಕ್ತಿ ಅಷ್ಟು ಹೆಚ್ಚು. ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಕಾಲದ ಮಿಡಿತವಾದರೆ ಏಳು ಸೆಂಟಿಮೀಟರ್ ಅಂತರದೊಳಗೆ ಬಂದ ಮೀನೂ ಗಾಳವೂ ಒಂದೇ ಗೆರೆಯಾಗಿ ಬೆರೆತುಬಿಡುತ್ತವೆ. ಮೀನು ಬಾಯಿ ತೆರೆಯಲಿದೆ ಎನ್ನುವ ಹೊತ್ತಿಗೆ ನಿಮಗೆ ಏನೂ ತಿಳಿಯುವುದಿಲ್ಲ. ಚಿಕ್ಕ ಮಿಡಿತದ ಯಂತ್ರ, ಇಲ್ಲವೇ ಹಲವು ಆವರ್ತನಗಳನ್ನು ಒಟ್ಟಿಗೆ ಬಳಸುವ ಚಿರ್ಪ್ ತಂತ್ರಜ್ಞಾನದ ಯಂತ್ರ ಎರಡು–ಮೂರು ಸೆಂಟಿಮೀಟರಿನ ಅಂತರವನ್ನೂ ಬಿಡಿಸಿ ತೋರಿಸಬಲ್ಲದು.

ಇನ್ನು ತೋರಿಸುವ ರೀತಿ. ಮಿನ್ನೆಸೋಟದವರಿಗೆ ಬಲು ಪರಿಚಿತವಾದದ್ದು ಫ್ಲ್ಯಾಶರ್. ಅಲ್ಲಿನದೇ ಆದ ವೆಕ್ಸಿಲಾರ್ ಕಂಪನಿಯ ಎಫ್‌ಎಲ್-8 ಯಂತ್ರವನ್ನು ಕಾಣದ ಗಾಳದವರು ಅಲ್ಲಿ ಕಡಿಮೆ. ದುಂಡು ಫಲಕ, ಅದರ ಸುತ್ತ ಅಡಿಗಳ ಅಂಕಿ, ಒಳಗೆ ಬಣ್ಣದ ಗೆರೆಗಳು: ಮಾರ್ದನಿ ಕ್ಷೀಣವಾಗಿದ್ದರೆ ಹಸಿರು, ಬಲವಾಗಿದ್ದರೆ ಕೆಂಪು, ನಡುವಿನದ್ದು ಕಿತ್ತಳೆ. 28 ಅಡಿಯ ಹತ್ತಿರ ದಪ್ಪ ಕೆಂಪು ಪಟ್ಟಿ ಕಂಡರೆ ಅದು ತಳ. 26ರಲ್ಲಿರುವ ತೆಳು ಹಸಿರು ಗೆರೆ ನಿಮ್ಮ ಗಾಳ. ಕೋಲು ಕುಣಿಸಿದಾಗ ಅದೂ ಕುಣಿಯುತ್ತದೆ. ಸ್ವಲ್ಪ ಹೊತ್ತಿಗೆ ತಳದ ಪಟ್ಟಿಯಿಂದ ಏನೋ ಬಿಡಿಸಿಕೊಂಡು 27ರಲ್ಲಿ ಹಸಿರಾಗಿ ಮಿನುಗುತ್ತದೆ. ಮೀನು ಕೋನದ ಅಂಚಿಗೆ ಬಂದಿದೆ. ಅದು ಕಿತ್ತಳೆಗೆ ತಿರುಗಿದರೆ ನಡುವಿಗೆ ಸರಿಯುತ್ತಿದೆ, ಕೆಂಪಾದರೆ ಗಾಳದ ನೇರ ಕೆಳಗೇ ಇದೆ. ಈಗ ಕುಣಿಸುವುದನ್ನು ನಿಲ್ಲಿಸಿ ಗಾಳವನ್ನು ಒಂದಡಿ ನಿಧಾನಕ್ಕೆ ಮೇಲೆತ್ತಿ. ಕೆಂಪು ಗೆರೆಯೂ ಹಿಂದೆಯೇ ಏರಿತೆಂದರೆ ಅದು ಹಸಿದಿದೆ. ಬಣ್ಣ ಮಾಸುತ್ತ ಹೋಯಿತೆಂದರೆ ನಿಮ್ಮ ಕುಣಿತ ಅತಿಯಾಯಿತು, ಇಲ್ಲವೇ ಎರೆ ಅದಕ್ಕೆ ದೊಡ್ಡದಾಯಿತು. ಈ ಮಾತುಕತೆ ನಡೆಯಬೇಕಾದರೆ ಕೈ ಆಡಿಸಿದ ಕ್ಷಣವೇ ಫಲಕದಲ್ಲಿ ಗೆರೆ ಆಡಬೇಕು. ಒಳ್ಳೆಯ ಫ್ಲ್ಯಾಶರ್ ಹಾಗೆ ಆಡುತ್ತದೆ. ಎಲ್‌ಸಿಡಿ ಪರದೆಯ ಯಂತ್ರಗಳು ಹಿಂದಿನ ನಿಮಿಷಗಳ ಚಿತ್ರವನ್ನೂ ಉಳಿಸಿ ತೋರಿಸುವುದು ಉಪಯುಕ್ತವೇ. ಎರೆ ಸಿಕ್ಕಿಸುವಾಗ ಹಾದುಹೋದ ಮೀನು ನಿಮ್ಮ ಗಮನಕ್ಕೆ ಬರುತ್ತದೆ. ಆದರೆ ಕಡುಚಳಿಯಲ್ಲಿ ಅಗ್ಗದ ಎಲ್‌ಸಿಡಿಗಳು ಜಡವಾಗುತ್ತವೆ.

ಕೊಂಡ ಮೇಲೆ ಹೆಚ್ಚಿನವರು ಎಡವುವುದು ಮಾರ್ದನಿಯನ್ನು ಹಿಗ್ಗಿಸಿ ತೋರಿಸುವ ಗೇನ್ ಗುಂಡಿಯಲ್ಲಿ. ಅದನ್ನು ಪೂರ್ತಿ ತಿರುಗಿಸಿದರೆ ಫಲಕವೆಲ್ಲ ಕೆಂಪಾಗಿ ಗಾಳ ಯಾವುದು, ಮೀನು ಯಾವುದು ಎಂದೇ ತಿಳಿಯುವುದಿಲ್ಲ. ನಿಮ್ಮ ಗಾಳ ತೆಳುವಾಗಿ ಕಾಣುವಷ್ಟಕ್ಕೆ ಏರಿಸಿ ಅಲ್ಲಿಗೇ ಬಿಡಿ. ಪಕ್ಕದ ತೂತಿನಲ್ಲಿ ಗೆಳೆಯನ ಯಂತ್ರವೂ ಅದೇ ಆವರ್ತನದಲ್ಲಿದ್ದರೆ ಅವನ ಮಿಡಿತ ನಿಮ್ಮ ಫಲಕದಲ್ಲಿ ಕಲಬೆರಕೆಯಾಗುತ್ತದೆ; ಅದನ್ನು ಅಡಗಿಸುವ ಗುಂಡಿ ಇದೆಯೇ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಿ.

2018ರಲ್ಲಿ ಗಾರ್ಮಿನ್ ಕಂಪನಿ ಲೈವ್‌ಸ್ಕೋಪ್ ತಂದ ಮೇಲೆ ಆಟವೇ ಬದಲಾಯಿತು. ಇದು ಕೆಳಗಷ್ಟೇ ಅಲ್ಲ, ಪಕ್ಕಕ್ಕೂ ನೋಡುತ್ತದೆ. ಕಂಬಕ್ಕೆ ಕಟ್ಟಿದ ಟ್ರಾನ್ಸ್‌ಡ್ಯೂಸರನ್ನು ನೀರೊಳಗೆ ತಿರುಗಿಸಿದರೆ ಹತ್ತಾರು ಅಡಿ ಆಚೆ ಕ್ರಾಪಿ ಮೀನುಗಳ ಹಿಂಡು ಚಲಿಸುವುದು ಆ ಕ್ಷಣವೇ ಕಾಣುತ್ತದೆ. ಮುಂದಿನ ತೂತು ಯಾವ ಕಡೆ ಕೊರೆಯಬೇಕೆಂದು ತಿಳಿಯುತ್ತದೆ. ಅದರ ಸಾಮರ್ಥ್ಯದ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ. ಬ್ಯಾಟರಿಯೂ ಸೇರಿದರೆ ಬೆಲೆ ಸಾವಿರ ಡಾಲರ್ ದಾಟುತ್ತದೆ, ಹೊರಲು ಭಾರ, ವಿದ್ಯುತ್ ಹೆಚ್ಚು ಬೇಡುತ್ತದೆ. ಮೇಲಾಗಿ ಮೀನು ಕಾಣುವುದು ಬೇರೆ, ಅದು ಕಚ್ಚುವಂತೆ ಮಾಡುವುದು ಬೇರೆ. ಎರಡನೆಯದನ್ನು ಅರ್ಧ ಬೆಲೆಗೂ ಕಡಿಮೆಗೆ ಸಿಗುವ ಫ್ಲ್ಯಾಶರ್ ಚೆನ್ನಾಗಿ ಕಲಿಸುತ್ತದೆ. ಉಳಿದ ಹಣದಲ್ಲಿ ನೀರಿಗೆ ಬಿದ್ದರೆ ತೇಲಿಸುವ ಉಡುಪು, ಅಂಚು ಹಿಡಿದು ಮೇಲೆ ಬರಲು ಮೊಳೆಯ ಹಿಡಿಗಳನ್ನು ಕೊಳ್ಳಿ. ಮಂಜುಗಡ್ಡೆ ಎಷ್ಟು ದಪ್ಪವಿದೆ ಎಂದು ಸೋನಾರ್ ಹೇಳುವುದಿಲ್ಲ. ನಡೆದಾಡಲು ಗಟ್ಟಿಯಾದ, ತಿಳಿಯಾದ ಮಂಜುಗಡ್ಡೆ ಕನಿಷ್ಠ 4 ಅಂಗುಲ ಇರಬೇಕು. ಅದನ್ನು ಹಾರೆಯಿಂದ ಕುಟ್ಟಿ, ತೂತು ಕೊರೆದು ಅಳೆದೇ ನೋಡಬೇಕು.

ಬ್ಯಾಟರಿಯ ವಿಷಯ ಬೇಗ ಮುಗಿಸಬಹುದು. ಚಳಿಯಲ್ಲಿ ಎಲ್ಲ ಬ್ಯಾಟರಿಗಳೂ ಸೊರಗುತ್ತವೆ. ಸೀಸದ ಬ್ಯಾಟರಿ ಅಗ್ಗ, ಭಾರ. ಲಿಥಿಯಂ ಐರನ್ ಫಾಸ್ಫೇಟ್‌ನದ್ದು ದುಬಾರಿ, ಅರ್ಧದಷ್ಟೂ ತೂಗುವುದಿಲ್ಲ; ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಮನೆಗೆ ತಂದು ಬೆಚ್ಚಗಾದ ಮೇಲೆ ಚಾರ್ಜಿಗೆ ಹಾಕಿ.

ಈಗ ಆ ಗಾಳಿಚೀಲದ ಮಾತು. ಕ್ರಾಪಿ, ಪರ್ಚ್, ವಾಲೈಗಳಿಗೆ ಈ ಚೀಲದ ಗಾಳಿಯನ್ನು ಬಾಯಿಯಿಂದ ಹೊರಹಾಕುವ ದಾರಿಯಿಲ್ಲ. 30 ಅಡಿಗಿಂತ ಆಳದಿಂದ ಮೇಲೆಳೆದರೆ ಒತ್ತಡ ಇಳಿದು ಚೀಲ ಊದಿಕೊಳ್ಳುತ್ತದೆ, ಕಣ್ಣು ಹೊರಚಾಚುತ್ತದೆ, ಒಮ್ಮೊಮ್ಮೆ ಜಠರವೇ ಬಾಯಿಗೆ ಬರುತ್ತದೆ. ಅಂಥ ಮೀನನ್ನು ನೀರಿಗೆ ಬಿಟ್ಟರೂ ಹಲವು ಬದುಕುವುದಿಲ್ಲ. ಹಿಡಿದು ಬಿಡುವುದೇ ನಿಮ್ಮ ಉದ್ದೇಶವಾದರೆ ಫಲಕದ ಅಂಕಿಯನ್ನು ಗಾಳ ಇಳಿಸುವ ಮೊದಲೇ ಓದಿಕೊಳ್ಳಿ. ತಳ 35 ಅಡಿ ಎಂದು ತೋರಿಸಿ, ಕೆಳಗೆ ಕ್ರಾಪಿ ಹಿಂಡೇ ಕೆಂಪಾಗಿ ಹೊಳೆಯುತ್ತಿದ್ದರೆ, ಅಡುಗೆಗೆ ಬೇಕಾದಷ್ಟನ್ನು, ನಿಯಮ ಒಪ್ಪುವಷ್ಟನ್ನು ಮಾತ್ರ ಹಿಡಿದು ದಾರ ಸುತ್ತಿಕೊಳ್ಳಿ. ಆಟ ಮುಂದುವರಿಸಬೇಕೆನಿಸಿದರೆ ಯಂತ್ರ ಎತ್ತಿಕೊಂಡು ದಡದ ಕಡೆಗೆ ನಡೆದು, 20 ಅಡಿ ತೋರಿಸುವ ಜಾಗದಲ್ಲಿ ಹೊಸ ತೂತು ಕೊರೆಯಿರಿ.