ಲ್ಯಾಬ್‌ಗೊಂದು ಹೊಲಿಗೆ ಮಿಷಿನ್ ಬೇಕು

ಫೋರ್-ಬಾರ್ ಮೆಕ್ಯಾನಿಸಂ ಅಂದ್ರೆ ನಾವು ಪಿಪಿಟಿ ನೋಡಿ ಬಾಯಿಪಾಠ ಮಾಡ್ತೀವಿ. ಅದೇ ಮೆಕ್ಯಾನಿಸಂ ಅಜ್ಜಿ ಮನೆಯ, ಕಾಲಲ್ಲಿ ತುಳಿಯೋ ಹೊಲಿಗೆ ಮಿಷಿನ್‌ನಲ್ಲೇ ಇದೆ: ಪೆಡಲ್ ರಾಕರ್, ಚಕ್ರ ಕ್ರ್ಯಾಂಕ್. ಇನ್ನು ಮೇಲ್ಗಡೆ ನೋಡಿ. ಕೆಳಗಿಳಿದ ಸೂಜಿ ತುಸು ಮೇಲೆದ್ದಾಗ ದಾರ ಕುಣಿಕೆಯಾಗುತ್ತೆ, ಅದೇ ಕ್ಷಣಕ್ಕೆ ಹುಕ್ ಬಂದು ಹಿಡೀಬೇಕು. ಟೈಮಿಂಗ್ ಕೆಟ್ಟರೆ ಹೊಲಿಗೆ ತಪ್ಪುತ್ತೆ. ಎಲಿಯಾಸ್ ಹೋವ್ ಲಾಕ್‌ಸ್ಟಿಚ್ ಮಿಷಿನ್‌ಗೆ ಪೇಟೆಂಟ್ ಪಡೆದದ್ದು 1846ರಲ್ಲಿ!

ಆದ್ರೂ ನಮ್ಮಲ್ಲಿ ಹುಡುಗನೊಬ್ಬ ಹೊಲಿಯೋಕೆ ಕೂತ್ರೆ ‘ಟೇಲರ್ ಆಗ್ತೀಯೇನೋ?’ ಅಂತ ನಗ್ತಾರೆ. ಆಗ್ಲಿ ಬಿಡಿ, ಅದೂ ಕೈಕಸುಬೇ. ತ್ರೀಡಿ ಪ್ರಿಂಟರ್ ಪಕ್ಕ ಒಂದು ಸೆಕೆಂಡ್ ಹ್ಯಾಂಡ್ ಮಿಷಿನ್ ಇಡಿಸಿದ್ರೆ ಸಾಕು, ಹಳೇ ಜೀನ್ಸ್‌ನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ನಾವೇ ಹೊಲೀತೀವಿ. ಡೆನಿಮ್‌ಗೆ ಮಾತ್ರ 16ನೇ ನಂಬರ್ ಸೂಜಿ ಹಾಕಿ, ಸಣ್ಣದು ಮುರಿಯುತ್ತೆ.